ಮಕ್ಕಳ ಕರುಳಿನ ತೊಡಕು ಮತ್ತು ಡಾ. ಮಾರ್ಕ್ ರಾವಿಚ್ ಅವರ ಸಂಶೋಧನೆ

ಅಮೆರಿಕದ ಹೆಸರಾಂತ ಶಸ್ತ್ರವೈದ್ಯರಾದ ಡಾ. ಮಾರ್ಕ್ ಎಂ. ರಾವಿಚ್ (1910–1989) ನ್ಯೂಯಾರ್ಕ್‌ನಲ್ಲಿ ಜನಿಸಿ, 1934ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಎದೆಮೂಳೆ ಒಳಕ್ಕೆ ಕುಸಿದಿರುವವರಿಗೆ ಮಾಡುವ ಶಸ್ತ್ರಚಿಕಿತ್ಸೆಯನ್ನು ಕುರಿತು 1949ರಲ್ಲಿ ಅವರು ಪ್ರಕಟಿಸಿದ ವಿಧಾನ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆದರೆ ಮಕ್ಕಳ ವೈದ್ಯಕೀಯಕ್ಕೆ ಅವರು ನೀಡಿದ ಮತ್ತೊಂದು ಕೊಡುಗೆಯ ಸ್ವರೂಪವೇ ಬೇರೆ. ಶಸ್ತ್ರವೈದ್ಯರಾಗಿದ್ದೂ, ಎಕ್ಸ್-ರೇ ನೆರವಿನಿಂದ ಶಸ್ತ್ರಕ್ರಿಯೆಯನ್ನೇ ತಪ್ಪಿಸಬಹುದೆಂದು ಅವರು ಪ್ರತಿಪಾದಿಸಿದರು.

ಕಾಯಿಲೆಯ ಸ್ವರೂಪ

ಅಂಗಿಯ ತೋಳನ್ನು ಒಳಕ್ಕೆ ಎಳೆದಾಗ ಬಟ್ಟೆ ಬಟ್ಟೆಯೊಳಗೇ ಸೇರಿಕೊಳ್ಳುವಂತೆ, ಕರುಳಿನ ಒಂದು ಭಾಗ ಅದರ ಮುಂದಿನ ಭಾಗದೊಳಗೆ ನುಗ್ಗಿ ಸಿಕ್ಕಿಕೊಳ್ಳುವುದಕ್ಕೆ ಇಂಟಸಸೆಪ್ಷನ್ ಎಂದು ಹೆಸರು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವೆಡೆಯಲ್ಲಿ ಇದು ಹೆಚ್ಚಾಗಿ ಉಂಟಾಗುತ್ತದೆ. ಮೂರು ತಿಂಗಳಿಂದ ಮೂರು ವರ್ಷದೊಳಗಿನ ಮಕ್ಕಳಲ್ಲಿ, ಅದರಲ್ಲೂ ಒಂದು ವರ್ಷ ತುಂಬದ ಕೂಸುಗಳಲ್ಲಿ, ಇದು ಅಧಿಕ. ಬಹುತೇಕ ಮಕ್ಕಳಲ್ಲಿ ನಿರ್ದಿಷ್ಟ ಕಾರಣ ಗೋಚರಿಸುವುದಿಲ್ಲ. ಸಿಕ್ಕಿಕೊಂಡ ಭಾಗಕ್ಕೆ ರಕ್ತಸಂಚಾರ ನಿಂತರೆ ಕರುಳು ಕೊಳೆತು, ಪ್ರಾಣಕ್ಕೇ ಅಪಾಯವೊದಗುತ್ತದೆ.

1948ರ ಲೇಖನ

ಗುದದ್ವಾರದ ಮೂಲಕ ನೀರನ್ನು ಹಾಯಿಸಿ, ಅದರ ಒತ್ತಡದಿಂದ ಕರುಳನ್ನು ಸ್ವಸ್ಥಾನಕ್ಕೆ ತರುವ ಪ್ರಯೋಗವನ್ನು ಡೆನ್ಮಾರ್ಕ್‌ನ ಹೆರಾಲ್ಡ್ ಹಿರ್ಷ್‌ಸ್ಪ್ರುಂಗ್ 1876ರಲ್ಲಿಯೇ ವರದಿ ಮಾಡಿದ್ದರು. ಆದರೆ ಒಳಗೆ ನಡೆಯುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಕರುಳು ಪೂರ್ಣವಾಗಿ ಬಿಡಿಸಿಕೊಂಡಿತೆ, ಕೊಳೆತ ಭಾಗವೇನಾದರೂ ಉಳಿಯಿತೆ ಎಂಬ ಶಂಕೆಗೆ ಉತ್ತರವಿರಲಿಲ್ಲ. ಆದ್ದರಿಂದ ಅಮೆರಿಕದ ಬಹುಪಾಲು ಶಸ್ತ್ರವೈದ್ಯರು ಉದರವನ್ನು ತೆರೆಯುವುದೇ ಸುರಕ್ಷಿತವೆಂದು ನಂಬಿದ್ದರು.

ಈ ಶಂಕೆಗೆ ರಾವಿಚ್ ಮತ್ತು ಅವರ ಸಹೋದ್ಯೋಗಿ ಮೆಕ್‌ಕ್ಯೂನ್ 1948ರಲ್ಲಿ 'ಆನಲ್ಸ್ ಆಫ್ ಸರ್ಜರಿ' ಪತ್ರಿಕೆಯಲ್ಲಿ ಉತ್ತರ ನೀಡಿದರು. ರೋಗಿಗಳ ಅನುಭವದೊಂದಿಗೆ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನೂ ಅವರ ಲೇಖನ ಒಳಗೊಂಡಿತ್ತು. ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ದ್ರಾವಣವನ್ನು ಸುಮಾರು 3 ಅಡಿ ಎತ್ತರದ ಪಾತ್ರೆಯಿಂದ ಇಳಿಬಿಟ್ಟು, ಪರದೆಯ ಮೇಲೆ ಅದರ ಚಲನೆಯನ್ನು ಗಮನಿಸುವುದು ಈ ವಿಧಾನದ ತಿರುಳು. ಒತ್ತಡಕ್ಕೆ ಹೀಗೆ ಮಿತಿಯಿತ್ತು. ಬೇರಿಯಂ ಸಣ್ಣ ಕರುಳಿನೊಳಕ್ಕೆ ಸರಾಗವಾಗಿ ಹರಿದರೆ ಮಾತ್ರ ಚಿಕಿತ್ಸೆ ಪೂರ್ಣ. ಇಲ್ಲವಾದರೆ ಶಸ್ತ್ರಕ್ರಿಯೆ ಅನಿವಾರ್ಯ. 1959ರಲ್ಲಿ ಇದೇ ವಿಷಯವನ್ನು ಕುರಿತು ಅವರ ಗ್ರಂಥವೂ ಪ್ರಕಟವಾಯಿತು.

ನಂತರದ ಬೆಳವಣಿಗೆ

ಕಾಲಕ್ರಮದಲ್ಲಿ ಬೇರಿಯಂ ಸ್ಥಾನವನ್ನು ಗಾಳಿ ಮತ್ತು ಲವಣಜಲ ಬಹುಮಟ್ಟಿಗೆ ಆಕ್ರಮಿಸಿವೆ. ಕರುಳು ತೂತಾದ ಪಕ್ಷದಲ್ಲಿ ಬೇರಿಯಂ ಉದರದೊಳಗೆ ಸೋರಿ ತೀವ್ರ ಉರಿಯೂತವನ್ನುಂಟುಮಾಡುವುದೇ ಇದಕ್ಕೆ ಮುಖ್ಯ ಕಾರಣ. 13 ವರ್ಷಗಳಲ್ಲಿ 6,396 ಪ್ರಕರಣಗಳಿಗೆ ಗಾಳಿಯ ಒತ್ತಡದಿಂದ ಚಿಕಿತ್ಸೆ ನೀಡಿದ ವಿವರವನ್ನು ಚೀನಾದ ವೈದ್ಯರು 1986ರಲ್ಲಿ ಪ್ರಕಟಿಸಿದರು. ಇಂದು ರೋಗನಿರ್ಣಯಕ್ಕೆ ಅಲ್ಟ್ರಾಸೌಂಡ್ ಪ್ರಧಾನ ಸಾಧನ. ಅದರಲ್ಲಿ ಸಿಕ್ಕಿಕೊಂಡ ಕರುಳು ಒಂದರೊಳಗೊಂದು ಬಳೆಯಿಟ್ಟಂತೆ ಕಾಣುತ್ತದೆ. ಅಲ್ಟ್ರಾಸೌಂಡ್ ನೋಡುತ್ತಲೇ ಲವಣಜಲ ಹಾಯಿಸಿದರೆ ಮಗುವಿಗೆ ವಿಕಿರಣದ ಸೋಂಕೂ ಇಲ್ಲ. ಚಿಕಿತ್ಸೆಯ ಬಳಿಕವೂ ಸುಮಾರು ಹತ್ತು ಮಕ್ಕಳಲ್ಲಿ ಒಬ್ಬರಿಗೆ ತೊಂದರೆ ಮರುಕಳಿಸಬಹುದಾದ್ದರಿಂದ ಎಚ್ಚರ ಅಗತ್ಯ.

ತಂದೆತಾಯಿಗಳು ಗಮನಿಸಬೇಕಾದುದು

ಈ ವಿಧಾನಕ್ಕೆ ಅವಕಾಶವಿರುವುದು ಮಗು ಬೇಗನೆ ಆಸ್ಪತ್ರೆ ಸೇರಿದಾಗ ಮಾತ್ರ. ಕರುಳು ತೂತಾಗಿದ್ದರೆ ಅಥವಾ ಉದರದ ಪೊರೆಗೆ ಉರಿಯೂತ ಹಬ್ಬಿದ್ದರೆ ಶಸ್ತ್ರಕ್ರಿಯೆಯೊಂದೇ ದಾರಿ. ಇದ್ದಕ್ಕಿದ್ದಂತೆ ಕಾಲು ಮಡಚಿ ಚೀರಿ ಅತ್ತು, ಕೆಲ ನಿಮಿಷಗಳಲ್ಲಿ ಸುಮ್ಮನಾಗಿ ಮತ್ತೆ ಅಳುವುದು, ವಾಂತಿ, ಮಂಕುತನ, ಹೊಟ್ಟೆಯಲ್ಲಿ ಗಡ್ಡೆಯಂತೆ ಕೈಗೆ ತಾಗುವುದು ಇದರ ಲಕ್ಷಣಗಳು. ರಕ್ತ ಮತ್ತು ಲೋಳೆ ಬೆರೆತ ಮಲ ಸಾಮಾನ್ಯವಾಗಿ ತಡವಾಗಿ ಕಾಣಿಸಿಕೊಳ್ಳುವುದರಿಂದ ಅದಕ್ಕಾಗಿ ಕಾಯಬಾರದು. ಹಲ್ಲು ಬರುತ್ತಿದೆ, ವಾಯು ತುಂಬಿದೆ ಎಂದುಕೊಂಡು ಓಮದ ನೀರು, ಗ್ರೈಪ್ ವಾಟರ್ ಕುಡಿಸುತ್ತಾ ರಾತ್ರಿ ಕಳೆಯುವುದು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಇಂತಹ ಲಕ್ಷಣಗಳಿದ್ದಾಗ ಬೆಳಗಾಗುವವರೆಗೆ ಕಾಯದೆ ಮಗುವನ್ನು ಮಕ್ಕಳ ಶಸ್ತ್ರಚಿಕಿತ್ಸೆಯ ಸೌಲಭ್ಯವುಳ್ಳ ಆಸ್ಪತ್ರೆಗೆ ಕರೆದೊಯ್ಯುವುದು ಉಚಿತ. ರಾವಿಚ್ ಅವರ ಸಂಶೋಧನೆಯ ಫಲ ಮಗುವಿಗೆ ದೊರೆಯುವುದು ಆ ಕೆಲವು ಗಂಟೆಗಳ ಉಳಿತಾಯದಿಂದಲೇ.