ರಾಯಚೂರಿನ ಕೋವಿ, ತೆನೋಚ್ತಿತ್ಲಾನಿನ ಸಿಡುಬು: ಹಂಪಿಯ ಸಾಕ್ಷ್ಯದಿಂದ ಅಮೆರಿಕದ ವಸಾಹತೀಕರಣದ ಮರುವಿಚಾರ

1520ರ ಸುಮಾರಿಗೆ ಐಬೀರಿಯಾದಿಂದ ಹೊರಟ ಜನ ಲೋಕದ ಎರಡು ಮಹಾನಗರಗಳ ಒಳಹೊಕ್ಕಿದ್ದರು. ತುಂಗಭದ್ರೆಯ ದಂಡೆಯ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಅದರ ವಿಸ್ತಾರವನ್ನು ರೋಮಿಗೆ ಹೋಲಿಸಿ ಬರೆದಿಟ್ಟ. ಮೆಕ್ಸಿಕೊದ ಸರೋವರದ ನಡುವಿದ್ದ ತೆನೋಚ್ತಿತ್ಲಾನನ್ನು ಹೊಕ್ಕ ಸ್ಪೇನಿನ ಹರ್ನಾನ್ ಕೊರ್ಟೆಸ್ 1521ರ ಆಗಸ್ಟಿನ ಹೊತ್ತಿಗೆ ಅದನ್ನು ಪಾಳುಗೆಡವಿದ್ದ. ಕಾಲ ಒಂದೇ, ಆಯುಧಗಳು ಒಂದೇ ಬಗೆಯವು, ಮತಪ್ರಸಾರದ ಹುರುಪೂ ಒಂದೇ. ಫಲ ಮಾತ್ರ ಬೇರೆ. ರಾಬರ್ಟ್ ಸ್ಯೂವೆಲ್ 1900ರಲ್ಲಿ ಪಾಯಸ್ ಮತ್ತು ಇನ್ನೊಬ್ಬ ಪೋರ್ಚುಗೀಸ ಫೆರ್ನಾವೊ ನೂನಿಜರ ಬರಹಗಳನ್ನು ಇಂಗ್ಲಿಷಿಗೆ ತಂದಂದಿನಿಂದ ನಾವು ಅವನ್ನು ಹೆಚ್ಚಾಗಿ ವಿಜಯನಗರದ ವೈಭವಕ್ಕೆ ಸಾಕ್ಷಿಯಾಗಿ ಓದುತ್ತ ಬಂದಿದ್ದೇವೆ. ಅದೇ ಬರಹಗಳು ದೂರದ ಇನ್ನೊಂದು ಪ್ರಶ್ನೆಗೂ ಸಾಕ್ಷ್ಯ ನುಡಿಯಬಲ್ಲವು: ಅಮೆರಿಕದ ಮೂಲನಿವಾಸಿಗಳನ್ನು ನಾಶಮಾಡಿದ್ದು ಯಾವುದು? ಯುರೋಪಿಯನ್ನರ ಆಯುಧಬಲವಾಗಲಿ ರೋಗವೊಂದೇ ಆಗಲಿ ಇದಕ್ಕೆ ಉತ್ತರವಲ್ಲ. ರೋಗ ಕೆಡವಿದ ಸಮಾಜವನ್ನು ಮತ್ತೆ ಏಳಗೊಡದಂತೆ ಮಾಡಿದ ದುಡಿಮೆಯ ಸುಲಿಗೆ ಮತ್ತು ನೆಲದ ಕಬಳಿಕೆ ಆ ನಾಶವನ್ನು ಪೂರ್ಣಗೊಳಿಸಿದವು ಎಂಬುದು ಈ ಲೇಖನದ ವಾದ.

ಮೊದಲು ಆಯುಧದ ವಿಚಾರ. ಸ್ಯೂವೆಲ್ ನಿರ್ಣಯದಂತೆ 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ರಾಯಚೂರನ್ನು ಮುತ್ತಿದಾಗ ಕ್ರಿಸ್ತೊವಾವೊ ದ ಫಿಗೆರೇದೊ ಎಂಬವನ ಕೈಕೆಳಗಿನ ಸುಮಾರು ಇಪ್ಪತ್ತು ಪೋರ್ಚುಗೀಸ್ ಕೋವಿಗಾರರು ಕೋಟೆಯ ಮೇಲಿನ ಕಾವಲಿನವರನ್ನು ಹೊಡೆದುರುಳಿಸಿ ನೆರವಾದರೆಂದು ನೂನಿಜ್ ಹೇಳುತ್ತಾನೆ. ಅವರು ಆ ರಣರಂಗದಲ್ಲಿದ್ದದ್ದು ರಾಯನ ಸಹಾಯಕರಾಗಿ. ಈಗಿನ ಹೊಸಪೇಟೆಯಾದ ನಾಗಲಾಪುರದ ಬಳಿ ಕೆರೆ ಕಟ್ಟಿಸುವಾಗಲೂ ಗೋವೆಯವರು ಕಳಿಸಿಕೊಟ್ಟ ಪೋರ್ಚುಗೀಸ್ ಕಲ್ಲುಗೆಲಸದವನೊಬ್ಬ ರಾಯನ ಸೇವೆಯಲ್ಲಿದ್ದ. ಅತ್ತ ಮೆಕ್ಸಿಕೊದಲ್ಲಿ ಅಂಥದೇ ಕೋವಿ, ಕುದುರೆ, ಉಕ್ಕಿನ ಕತ್ತಿಗಳಿದ್ದ ಕೊರ್ಟೆಸನ ಪಡೆಯನ್ನು ಅದೇ ವರ್ಷದ ಜೂನ್ 30ರ ರಾತ್ರಿ ಆಜ್ಟೆಕರು ತಮ್ಮ ನಗರದಿಂದ ಹೊಡೆದೋಡಿಸಿದರು. ನೂರಾರು ಸ್ಪೇನಿಯರು ಸತ್ತರು. ಆಯುಧವೇ ನಿರ್ಣಾಯಕವಾಗಿದ್ದರೆ ಈ ಸೋಲು ಆಗಬಾರದಿತ್ತು. ಮರುವರ್ಷ ಕೊರ್ಟೆಸ್ ಗೆದ್ದದ್ದು ತ್ಲಾಷ್ಕಲಾ ಮೊದಲಾದ ಸ್ಥಳೀಯ ರಾಜ್ಯಗಳ ಸಾವಿರಾರು ಯೋಧರನ್ನು ಕೂಡಿಸಿಕೊಂಡು. ಬೆರಳೆಣಿಕೆಯ ವೀರರು ಸಾಮ್ರಾಜ್ಯವನ್ನೇ ಉರುಳಿಸಿದರೆಂಬ ಕಥೆಯನ್ನು ಇತಿಹಾಸಕಾರ ಮ್ಯಾಥ್ಯೂ ರೆಸ್ಟಾಲ್ 2003ರಲ್ಲೇ ಮಿಥ್ಯೆಗಳ ಸಾಲಿಗೆ ಸೇರಿಸಿದ್ದಾನೆ. ರಾಯಚೂರಿನ ಪ್ರಸಂಗ ಅವನ ಮಾತಿಗೆ ನಮ್ಮ ಕಡೆಯಿಂದ ಪುಷ್ಟಿ ಕೊಡುತ್ತದೆ.

ಹಾಗೆಂದು ಎರಡು ನಾಡುಗಳ ಪೂರ್ವಸ್ಥಿತಿ ಒಂದೇ ಆಗಿರಲಿಲ್ಲ ಎಂಬುದನ್ನು ಮರೆಯಲಾಗದು. ಕುದುರೆಯ ಯುದ್ಧ ಇಲ್ಲಿಯವರಿಗೆ ಹೊಸದಲ್ಲ. 1327ರಲ್ಲಿ ದಿಲ್ಲಿಯ ಸೇನೆಯೆದುರು ಕಂಪಿಲಿ ರಾಜ್ಯ ಬಿದ್ದುಹೋಯಿತು. ಅದರ ನೆಲದಲ್ಲೇ ಬೆಳೆದ ವಿಜಯನಗರ ಎರಡು ಶತಮಾನ ಕಾಲ ಅಶ್ವಬಲವನ್ನು ಕೂಡಿಸುತ್ತಲೇ ಇತ್ತು. ರಾಯನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ನೂನಿಜ್ ಲೆಕ್ಕ ಕೊಡುತ್ತಾನೆ. ಹಿಂದಿನ ದೊರೆ ಸಾಳುವ ನರಸಿಂಹನಂತೂ ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬೆಲೆ ಕೊಡುತ್ತಿದ್ದನಂತೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಲಿ, ಹಜಾರರಾಮ ದೇವಾಲಯದ ಪ್ರಾಕಾರದ ಮೇಲೆ ಸಾಲಾಗಿ ಕೊರೆದ ಕುದುರೆಗಳು ಆ ಹಂಬಲಕ್ಕೆ ಸಾಕ್ಷಿ. ಕೊರ್ಟೆಸ್ ಮೆಕ್ಸಿಕೊದಲ್ಲಿ ಇಳಿದಾಗ ಅವನ ಬಳಿ ಇದ್ದದ್ದು ಹದಿನಾರು ಕುದುರೆ, ಎದುರಾಳಿಗಳ ಬಳಿ ಒಂದೂ ಇರಲಿಲ್ಲ. ಕಬ್ಬಿಣವೂ ಹಾಗೆಯೇ: ಸಂಡೂರಿನ ಬೆಟ್ಟಗಳಲ್ಲಿ ಹೇರಳ ಅದಿರಿದೆ, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಕ್ರಿ.ಪೂ. 1000ದ ಸುಮಾರಿನ ಕಬ್ಬಿಣದ ವಸ್ತುಗಳು ಸಿಕ್ಕಿವೆ. ಅಮೆರಿಕದಲ್ಲಿ ಕಬ್ಬಿಣ ಕರಗಿಸುವ ವಿದ್ಯೆ ಇರಲಿಲ್ಲ. ಈ ಅಂತರಗಳು ಕಾಳಗದ ಸೋಲುಗೆಲುವನ್ನು ವಿವರಿಸಬಹುದು. ಜನಾಂಗಗಳೇ ಕರಗಿಹೋದದ್ದನ್ನು ವಿವರಿಸಲಾರವು. ಕಂಪಿಲಿ ಸೋತರೂ ಅದರ ಪ್ರಜೆಗಳು ನಾಶವಾಗಲಿಲ್ಲ.

ಆ ಕರಗುವಿಕೆಗೆ ರೋಗ ಮೊದಲ ಕಾರಣ. 1520ರ ಶರತ್ಕಾಲದಲ್ಲಿ ತೆನೋಚ್ತಿತ್ಲಾನಿಗೆ ಸಿಡುಬು ತಗುಲಿತು. ಸ್ಪೇನಿಯರನ್ನು ಓಡಿಸಿದ ಮೇಲೆ ಪಟ್ಟವೇರಿದ ಕ್ವಿತ್ಲಾವಾಕ್ ಕೆಲವೇ ತಿಂಗಳಲ್ಲಿ ತೀರಿಕೊಂಡ. ಆಲ್ಫ್ರೆಡ್ ಕ್ರಾಸ್ಬಿ 1972ರಲ್ಲಿ ತೋರಿಸಿದಂತೆ, ಸಾವಿರಾರು ವರ್ಷ ಹಳೆಯ ಜಗತ್ತಿನ ಸೋಂಕುಗಳಿಂದ ದೂರವಿದ್ದ ಜನರಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಒಮ್ಮೆಗೇ ಮಲಗಿದರು. ನೀರು ಕೊಡುವವರೂ ಉಳಿಯಲಿಲ್ಲ. ನಮ್ಮಲ್ಲಿ ಸಿಡುಬು ಹಳೆಯ ಶತ್ರು. ಆಯುರ್ವೇದದ ಮಾಧವನಿದಾನದಲ್ಲಿ ಮಸೂರಿಕೆಗೆಂದೇ, ಅಂದರೆ ಸಿಡುಬಿಗೆಂದೇ, ಅಧ್ಯಾಯವಿದೆ. ಊರೂರಿನ ಮಾರಮ್ಮನ ಆರಾಧನೆಯಲ್ಲಿ ಅದರ ಭಯ ಬೇರೂರಿದೆ. ಇಲ್ಲಿ ಅದು ಹೆಚ್ಚಾಗಿ ಮಕ್ಕಳನ್ನು ಕೊಂಡೊಯ್ಯುತ್ತಿತ್ತು. ಬದುಕುಳಿದು ಬೆಳೆದವರಿಗೆ ಅದು ಮತ್ತೆ ತಗುಲುವ ಅಂಜಿಕೆ ಇರಲಿಲ್ಲ. ಪಾಯಸನ ಜೊತೆಗಾರರ ಉಸಿರಿನಿಂದ ಹಂಪಿಯ ಆಸ್ಥಾನ ಕುಸಿಯುವ ಸಂಭವವೇ ಇರಲಿಲ್ಲ.

ಸ್ಪೇನಿಯರನ್ನು ಪೋರ್ಚುಗೀಸರ ಜೊತೆ ತೂಗುವುದು ಸರಿಯೇ, ಪೋರ್ಚುಗೀಸರು ಸ್ವಭಾವತಃ ವ್ಯಾಪಾರಿಗಳಲ್ಲವೇ ಎಂದು ಕೇಳಬಹುದು. ಇದಕ್ಕೆ ಉತ್ತರ ಪೋರ್ಚುಗೀಸ್ ನಾವಿಕ ಕಬ್ರಾಲನ ನೌಕಾಯಾನದಲ್ಲೇ ಇದೆ. 1500ರ ಏಪ್ರಿಲ್‌ನಲ್ಲಿ ಬ್ರೆಜಿಲಿನ ದಡ ಮುಟ್ಟಿದ ಅದೇ ಪಡೆ ಸೆಪ್ಟೆಂಬರ್‌ನಲ್ಲಿ ಕಲ್ಲಿಕೋಟೆಗೆ ಬಂತು. ಬ್ರೆಜಿಲಿನಲ್ಲಿ ಪೋರ್ಚುಗೀಸರು ತುಪಿ ಜನರನ್ನು ಗುಲಾಮರಾಗಿಸಿ ಕಬ್ಬಿನ ತೋಟಗಳಲ್ಲಿ ದುಡಿಸಿದರು. 1562–63ರ ಸಿಡುಬು ಬಹಿಯಾದ ಮಿಷನ್ ಹಳ್ಳಿಗಳನ್ನು ಬರಿದುಮಾಡಿತು. ಕನ್ನಡದ ಕರಾವಳಿಯಲ್ಲೂ ಅವರು ಸಾಧುಗಳಾಗಿರಲಿಲ್ಲ: 1502ರಲ್ಲಿ ವಾಸ್ಕೊ ಡ ಗಾಮನ ನೌಕೆಗಳು ಭಟ್ಕಳದ ಮೇಲೆ ಬಿದ್ದವು, 1510ರಲ್ಲಿ ಗೋವೆಯನ್ನು ಹಿಡಿದ ಅಲ್ಬುಕರ್ಕ್ ಅಲ್ಲಿನ ಮುಸ್ಲಿಮರ ಕೊಲೆ ಮಾಡಿಸಿದ. ಫಿರಂಗಿಯ ಗುಂಡು ಮುಟ್ಟುವಷ್ಟು ದೂರ ಹಿಂಸೆ, ಅದರಾಚೆ ವ್ಯಾಪಾರ: ಇದೇ ಅವರ ನಡೆ. ಘಟ್ಟದ ಮೇಲೆ ಅವರ ನಯವನ್ನು ನಿರ್ಧರಿಸಿದ್ದು ಎದುರಿಗಿದ್ದ ರಾಜ್ಯದ ಬಲ. 1565ರಲ್ಲಿ ವಿಜಯನಗರವನ್ನು ಸೂರೆಮಾಡಿದವರೂ ಪೋರ್ಚುಗೀಸರಲ್ಲ, ದಖನ್ನಿನ ಸುಲ್ತಾನರು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು: ಕೊಂದದ್ದು ರೋಗಾಣುವಾದರೆ ವಸಾಹತುಗಾರರ ಹೊಣೆ ಏನು? 14ನೆಯ ಶತಮಾನದ ಪ್ಲೇಗಿನಲ್ಲಿ ಯುರೋಪು ತನ್ನ ಮೂರನೆಯ ಒಂದು ಪಾಲಿಗೂ ಹೆಚ್ಚು ಜನರನ್ನು ಕಳೆದುಕೊಂಡಿತು, ಮತ್ತೆ ಚೇತರಿಸಿಕೊಂಡಿತು. ಉಳಿದವರಿಗೆ ಉಳಲು ನೆಲವಿತ್ತು, ಅವರ ಕೂಲಿ ಏರಿತು. ಅಮೆರಿಕದಲ್ಲಿ ಉಳಿದವರನ್ನು ಎನ್‌ಕೊಮಿಯೆಂಡ ಪದ್ಧತಿ ಒಡೆಯರಿಗೆ ಹಂಚಿಕೊಟ್ಟಿತು. 1545ರಲ್ಲಿ ಪೊಟೊಸಿಯ ಬೆಳ್ಳಿ ಗಣಿ ತೆರೆಯಿತು. 1570ರ ದಶಕದಲ್ಲಿ ಪೆರುವಿನ ವೈಸರಾಯ್ ತೊಲೆದೊ ಸುತ್ತಲ ಪ್ರಾಂತಗಳ ವಯಸ್ಕ ಗಂಡಸರಲ್ಲಿ ಏಳರಲ್ಲೊಂದು ಪಾಲನ್ನು ಸರದಿಯಂತೆ ಅಲ್ಲಿಗೆ ಎಳೆದೊಯ್ಯುವ ಕಟ್ಟಳೆ ಮಾಡಿದ. ಹೊಲ ಬಿತ್ತುವವರಿಲ್ಲದೆ ಹಸಿವು ಬಂತು, ಹಸಿದ ಮೈಗೆ ಮುಂದಿನ ಸಾಂಕ್ರಾಮಿಕ ಬಂತು. ಜನಸಂಖ್ಯೆಯ ಅಂದಾಜುಗಳಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದ್ದರೂ ಕುಸಿತ ಭೀಕರವಾಗಿತ್ತೆಂಬುದರಲ್ಲಿ ಇಲ್ಲ. ಬಾರ್ತೊಲೊಮೆ ದ ಲಾಸ್ ಕಾಸಾಸ್ ಈ ಸುಲಿಗೆಯ ವಿರುದ್ಧ ದನಿಯೆತ್ತಿದ. 1542ರಲ್ಲಿ ಸ್ಪೇನಿನ ದೊರೆ ಅದನ್ನು ತಡೆಯಲು ಹೊಸ ಕಾನೂನುಗಳನ್ನೇ ಹೊರಡಿಸಿದ. ಅನ್ಯಾಯ ಅಂದಿನವರಿಗೇ ಕಾಣುತ್ತಿತ್ತು. ಹೀಗಿರುವಾಗ ರೋಗವನ್ನು ಮುಂದೊಡ್ಡಿ ಮನುಷ್ಯರ ಹೊಣೆಯನ್ನು ಮರೆಸುವುದು ಇತಿಹಾಸಕ್ಕೂ ಸತ್ತವರಿಗೂ ಮಾಡುವ ಅಪಚಾರ.

ಅಮೆರಿಕದ ಜನ ಹಿಂದುಳಿದವರಾದ್ದರಿಂದ ಅಳಿದರು ಎಂಬ ಹಳೆಯ ಮಾತಿಗೂ ತುಂಗಭದ್ರೆಯ ಬಯಲೇ ಉತ್ತರ ಹೇಳುತ್ತದೆ. ಇಂದು ಬಳ್ಳಾರಿ, ವಿಜಯನಗರ ಜಿಲ್ಲೆಗಳ ರೈತರು ಬೆಳೆಯುವ ಮೆಣಸಿನಕಾಯಿ, ಮೆಕ್ಕೆಜೋಳ, ಶೇಂಗಾ ಇವೆಲ್ಲ ಆ ಜನರು ಸಾವಿರಾರು ವರ್ಷ ಕಾಡಿನಿಂದ ಆರಿಸಿ ಪಳಗಿಸಿದ ಬೆಳೆಗಳು. ಅವರು ಪೂರ್ತಿ ಅಳಿದೂ ಇಲ್ಲ: ಚಿಲಿಯ ಮಾಪುಚೆಗಳು 1598ರ ನಂತರ ಸ್ಪೇನಿಯರನ್ನು ಬಿಯೊಬಿಯೊ ನದಿಯ ಉತ್ತರಕ್ಕೆ ಅಟ್ಟಿ ತಮ್ಮ ನೆಲ ಉಳಿಸಿಕೊಂಡರು, ಕೆಚುವಾ, ನಾವಾತ್ಲ್ ನುಡಿಗಳನ್ನು ಇಂದಿಗೂ ಲಕ್ಷಾಂತರ ಜನ ಆಡುತ್ತಾರೆ. ಯುರೋಪಿಯನ್ನರ ಗೆಲುವು ವಿಧಿಲಿಖಿತವಲ್ಲ ಎಂಬುದನ್ನು ಹಂಪಿ ಸಾಬೀತುಪಡಿಸುತ್ತದೆ. ವಿಧಿಲಿಖಿತವಲ್ಲದ್ದರಿಂದಲೇ ಅದಕ್ಕೆ ಹೊಣೆಗಾರರುಂಟು. ಪಾಯಸ್ ಮತ್ತು ನೂನಿಜರನ್ನು ಕೊರ್ಟೆಸನ ಪತ್ರಗಳ ಪಕ್ಕದಲ್ಲಿಟ್ಟು ಓದುವ ಕೆಲಸ ಕನ್ನಡದ ಇತಿಹಾಸಕಾರರಿಗೆ ಸಹಜವಾಗಿಯೇ ಸೇರಿದ್ದು. ಎರಡೂ ಕಡೆಯ ಇತಿಹಾಸಕ್ಕೆ ಅದರಿಂದ ಬೆಳಕು ಸಿಗುತ್ತದೆ.