ಗಡಿಗಿ ಒಂದೇ, ಹೆಸರು ಮೂರು



ಬರಹ ಸ್ವಲ್ಪ ಉದ್ದ ಅದ. ಪುರಸೊತ್ತು ಮಾಡ್ಕೊಂಡು ಓದ್ರಿ.

ಬೆಂಗಳೂರಿನಾಗ ಕೆಲಸ ಮಾಡೋ ನಮ್ಮ ಕೇರಿ ಹುಡುಗನೊಬ್ಬ ಮೊನ್ನೆ ನನಗ ಒಂದು ವಿಡಿಯೊ ಕಳಿಸಿದ್ದ. ಅಮೆರಿಕದ ಒಬ್ಬಾತ ತನ್ನ ಅಡುಗೆಮನೆಯಲ್ಲೇ ಕುಂಬಳಕಾಯಿ ಬಿಯರ್ ಮಾಡಿ ತೋರಿಸುತ್ತಾನೆ. ಕುಂಬಳಕಾಯಿ ಹೋಳು ಮಾಡಿ ಬೇಯಿಸುತ್ತಾನೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳಿನ ಜೊತೆ ಅದನ್ನ ಸುಮಾರು 67 ಡಿಗ್ರಿ ಬಿಸಿನೀರಿನಾಗ ಒಂದು ತಾಸು ಇಡುತ್ತಾನೆ. ಮೊಳಕೆಕಾಳಿನ ಸತ್ವ ಹಿಟ್ಟಿನ ಅಂಶವನ್ನು ಸಕ್ಕರೆ ಮಾಡುತ್ತದೆ. ಆಮೇಲೆ ಸೋಸಿ, ಕುದಿಸಿ, ದಾಲ್ಚಿನ್ನಿ, ಲವಂಗ, ಜಾಜಿಕಾಯಿ, ಶುಂಠಿ ಹಾಕಿ, ಆರಿಸಿ, ಈಸ್ಟ್ ಬೆರೆಸಿ ಎರಡು ವಾರ ಮುಚ್ಚಿಡುತ್ತಾನೆ. ಅಷ್ಟೇ. ನೋಡಿದವರೆಲ್ಲ ಚಪ್ಪಾಳೆ ಹಾಕ್ಯಾರ.

"ಅಣ್ಣ, ನಮ್ಮ ಆಯಿ ಇದನ್ನೇ ಮಾಡಿದ್ರ ಯಾಕ ಹಿಡಕೊಂಡು ಹೋಗ್ತಿದ್ರು?" ಅಂತ ಹುಡುಗ ಕೇಳಿದ್ದ. ಅವನಿಗೆ ಒಂದು ಸಾಲಿನಾಗ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಅದಕ್ಕೇ ಈ ಬರಹ.

ಮೊದಲು ಕುಂಬಳಕಾಯಿ ಕತೆ. ನಾವು ಗಾರಗಿ ಮಾಡೋ ಸಿಹಿಗುಂಬಳ ಹುಟ್ಟಿದ್ದು ಅಮೆರಿಕ ಖಂಡದಾಗ. ಅದನ್ನ ಸಾವಿರಾರು ವರ್ಷ ಬೆಳೆಸಿದವರು ಅಲ್ಲಿನ ಮೂಲನಿವಾಸಿಗಳು. ಯುರೋಪಿನಿಂದ ಹೋಗಿ ನೆಲಸಿದ ಬಿಳಿಯರಿಗೆ ಅಲ್ಲಿ ಬಾರ್ಲಿ ಸಾಲಲಿಲ್ಲ. ಆಗ ಈ ಕುಂಬಳದ ರಸವನ್ನೇ ಹುಳಿ ಬರಿಸಿ ಬಿಯರ್ ಮಾಡಿದರು. ಮುಂದೆ 1920ರಿಂದ 1933ರವರೆಗೆ ಆ ದೇಶದಾಗ ಪಾನನಿಷೇಧ ಬಂತು, ಹೋಯ್ತು. ಆದರೂ ಮನೆಯಾಗ ಬಿಯರ್ ಮಾಡೋದು ಕಾನೂನು ಪ್ರಕಾರ ತಪ್ಪೇ ಆಗಿತ್ತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಕಾಯ್ದೆಗೆ ಸಹಿ ಹಾಕಿದರು. ಇಬ್ಬರು ವಯಸ್ಕರಿರುವ ಮನೆ ವರ್ಷಕ್ಕೆ 200 ಗ್ಯಾಲನ್, ಅಂದ್ರ ಸುಮಾರು 750 ಲೀಟರ್ ಬಿಯರ್ ತೆರಿಗೆ ಇಲ್ಲದೆ ಮಾಡ್ಕೋಬಹುದು, ಆದರೆ ಮಾರಬಾರದು. ಆ ವಿಡಿಯೊದವನ ಧೈರ್ಯ ಬಂದದ್ದು ಇಲ್ಲಿಂದ.

ಈಗ ನಮ್ಮ ಕಡಿ ಬರೋಣ.

ನಮ್ಮ ಆಯಿ ಮಾಡ್ತಿದ್ದದ್ದು ಇಷ್ಟು: ಮಣ್ಣಿನ ಗಡಿಗಿ, ನೀರು, ಬೆಲ್ಲ, ಜಾಲಿ ತೊಗಟೆ, ಜಜ್ಜಿದ ಶುಂಠಿ. ಬಾಯಿ ಕಟ್ಟಿ ತಿಪ್ಪಿಯೊಳಗೆ ಹುಗಿದು ಇಡತಿದ್ಳು. ತಿಪ್ಪಿ ಕಾವಿಗೆ ಗಡಿಗಿ ಒಳಗ ಬೆಲ್ಲದ ನೀರು ಉಕ್ಕಿ ಹುಳಿ ಬರ್ತಿತ್ತು. ಇಷ್ಟರ ತನಕ ಅದೂ ಬಿಯರಿನ ಕೆಲಸಾನೇ. ಮುಂದೆ ಅದನ್ನ ಒಲಿ ಮ್ಯಾಲ ಕಾಸಿ ಆವಿ ಇಳಿಸಿದರ ಸಾರಾಯಿ. ಮರಗಮ್ಮನ ಜಾತ್ರಿಗೆ, ಮನ್ಯಾಗ ಸಾವು ಆದಾಗ, ಸುಗ್ಗಿ ಮುಗಿದಾಗ ಅದು ಬೇಕಾಗ್ತಿತ್ತು. ಕೈಯಾಗ ರೊಕ್ಕ ಇಲ್ಲದಾಗ ನಾಲ್ಕು ಬಾಟಲಿ ಮಾರಿದ್ದೂ ಉಂಟು. ಒಮ್ಮೆ ಖಾಕಿ ಬಟ್ಟಿಯವರು ಬಂದು ಕೋಲಿನಿಂದ ತಿಪ್ಪಿ ತಿವಿದು ಗಡಿಗಿ ಒಡೆದರು. ಆಯಿಯನ್ನು ಕರಕೊಂಡು ಹೋದರು. ದಂಡ ಕಟ್ಟಲಿಕ್ಕೆ ನಮ್ಮಪ್ಪ ಮಾಲಕರ ಹೊಲದಾಗ ಎರಡು ಸುಗ್ಗಿ ದುಡಿದ.

ಪೇಪರಿನಾಗ ಇಂದಿಗೂ ಸುದ್ದಿ ಬರ್ತದ: ಇಷ್ಟು ಲೀಟರ್ "ಬೆಲ್ಲದ ಕೊಳೆ" ನಾಶ ಅಂತ. ಪದ ನೋಡ್ರಿ. ಗಡಿಗಿಯೊಳಗ ಆಗೋದು ಒಂದೇ ಕ್ರಿಯೆ. ಅದು ನಮ್ಮ ತಿಪ್ಪಿಯಾಗ ಇದ್ದರ ಕೊಳೆ, ಬೆಂಗಳೂರಿನ ಸ್ಟೀಲಿನ ಟ್ಯಾಂಕಿನಾಗ ಇದ್ದರ ಕ್ರಾಫ್ಟ್ ಬಿಯರ್, ಔಷಧಿ ಅಂಗಡಿಯ ಬಾಟಲಿಯಾಗ ಇದ್ದರ ಅರಿಷ್ಟ.

ಅರಿಷ್ಟದ ಮಾತು ಸುಮ್ಮನೆ ಹೇಳಲಿಲ್ಲ. ದಶಮೂಲಾರಿಷ್ಟ, ದ್ರಾಕ್ಷಾಸವ ಎಲ್ಲರೂ ಕುಡಿದಿರ್ತೀರಿ. ಅದೂ ಬೆಲ್ಲ, ಬೇರು, ತೊಗಟೆ, ಮಸಾಲೆ, ಧಾತಕಿ ಹೂವು ಹಾಕಿ ಪಾತ್ರೆ ಬಾಯಿ ಮುಚ್ಚಿ ಹುಳಿ ಬರಿಸಿದ್ದೇ. ಲೇಬಲ್ ಮ್ಯಾಲ ಅದರೊಳಗ ತಾನಾಗಿ ಹುಟ್ಟಿದ ಆಲ್ಕೋಹಾಲ್ ಎಷ್ಟು ಅಂತ ಬರೆದಿರ್ತಾರ. ಅದಕ್ಕ 1955ರ ಬೇರೆ ಕಾಯ್ದೆ ಮಾಡಿ ಔಷಧಿ ಅಂತ ಗುರುತಿಸಿದರು. ತಪ್ಪೇನಿಲ್ಲ. ಆದರೆ ನಮ್ಮ ಆಯಿಯರ ತಿಳಿವಳಿಕೆಯನ್ನ ಯಾವ ಕಾಯ್ದೆಯೂ ತಿಳಿವಳಿಕೆ ಅಂತ ಕರೀಲಿಲ್ಲ.

ಹಿಂದೆ ಹೀಗೇ ಇತ್ತಾ? ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ನಮ್ಮ ಪರವಾಗಿ ಬರೆದ ಪುಸ್ತಕ ಅಲ್ಲ, ಅದು ರಾಜನ ಬೊಕ್ಕಸ ತುಂಬೋ ಪುಸ್ತಕ. ಅದರಾಗ ಮದ್ಯದ ಮೇಲೆ ಕಣ್ಣಿಡಲು ಸುರಾಧ್ಯಕ್ಷ ಅನ್ನೋ ಅಧಿಕಾರಿ ಇದ್ದಾನ. ಮೈರೇಯ ಅನ್ನೋ ಮದ್ಯಕ್ಕೆ ಅಲ್ಲಿ ಹೇಳಿದ ಸಾಮಾನು ಏನು ಗೊತ್ತಾ? ಮರದ ತೊಗಟೆ ಕಷಾಯ, ಬೆಲ್ಲ, ಹಿಪ್ಪಲಿ, ಮೆಣಸು. ನಮ್ಮ ಆಯಿ ಗಡಿಗಿಗೆ ಹತ್ತಿರದ ಸಂಬಂಧಿ. ಅಷ್ಟು ಬಿಗಿ ಕಾನೂನಿನಾಗೂ ಒಂದು ಮಾತು ಅದ: ಗೃಹಸ್ಥರು ಮನೆ ಕಾರ್ಯಗಳಿಗೆ ಸುರೆ, ಔಷಧಿಗೆ ಅರಿಷ್ಟ ಮಾಡಿಕೊಳ್ಳಬಹುದು, ಹಬ್ಬ, ಜಾತ್ರೆಗೆ ನಾಲ್ಕು ದಿನ ಸಡಿಲಿಕೆ ಕೊಡಬೇಕು. ಅಷ್ಟು ಹಳೆ ಪುಸ್ತಕದಾಗೂ ಮನೆ ಗಡಿಗಿಗೆ ಜಾಗ ಇತ್ತು.

ಹನ್ನೆರಡನೇ ಶತಮಾನಕ್ಕೆ ಬರ್ರಿ, ನಮ್ಮದೇ ಕಲ್ಯಾಣಕ್ಕೆ. ಹೆಂಡ ಮಾರೋ ಕಾಯಕದ ಹೆಂಡದ ಮಾರಯ್ಯ ಶರಣರ ಸಾಲಿನಾಗ ಕೂತು ವಚನ ಬರೆದ. ಸುಂಕ ವಸೂಲಿ ಮಾಡೋ ಸುಂಕದ ಬಂಕಣ್ಣನೂ ಅದೇ ಸಾಲಿನಾಗ ಇದ್ದ. ಹೆಂಡದವನ ಹೆಸರನ್ನು ಅವನ ಕಾಯಕದ ಜೊತೆಗೇ ಉಳಿಸಿದ್ದು ಆ ಚಳವಳಿ. ಇವತ್ತು ಅದೇ ಕಾಯಕದ ಹೆಸರು ಹಿಡಿದು ಕರೆದರೆ ಬೈಗುಳ ಆಗ್ತದ.

ಬದಲಾದದ್ದು ಯಾವಾಗ? ಮದ್ಯ ಸರ್ಕಾರದ ಹುಂಡಿ ಆದಾಗ. "ಅಬಕಾರಿ" ಪಾರಸಿ ಮಾತು. ಆಬ್ ಅಂದ್ರ ನೀರು, ಕಾರಿ ಅಂದ್ರ ಕೆಲಸ. ಭೀಮಾ ಹೊಳಿ ಆಚೆ ಇಂಡಿ, ಸಿಂದಗಿ ಇಂಗ್ಲಿಷರ ಮುಂಬೈ ಪ್ರಾಂತ್ಯದಾಗ ಇದ್ದವು. ಅಲ್ಲಿ 1878ರ ಅಬಕಾರಿ ಕಾಯ್ದೆ ಬಂತು. ಊರೂರಿನ ಸಣ್ಣ ಭಟ್ಟಿ ಮುಚ್ಚಿಸಿ ದೊಡ್ಡ ಭಟ್ಟಿಗಳಿಗೆ ಗುತ್ತಿಗೆ ಕೊಟ್ಟರು. 1892ರಲ್ಲಿ ಆ ಪ್ರಾಂತ್ಯದಾಗ ಹಿಪ್ಪೆ ಹೂವಿನ ಮೇಲೂ ಕಾಯ್ದೆ ಮಾಡಿದರು. ಅಂದ್ರ ಕಾಡಿನಾಗ ಉದುರಿದ ಹೂವು ಆರಿಸಿ ಮನ್ಯಾಗ ಇಟ್ಟುಕೊಳ್ಳೋದೂ ಅನುಮಾನದ ಕೆಲಸ ಆಯ್ತು.

ಹೊಳಿ ಈಚೆ ನಾವು ನಿಜಾಮರ ಕೈಯಾಗ. ಇಲ್ಲಿ 1316 ಫಸಲಿಯ, ಅಂದ್ರ ಸುಮಾರು 1906-07ರ, ಹೈದರಾಬಾದ್ ಅಬಕಾರಿ ಕಾಯ್ದೆ. ಈಚಲ ಮರದ ಸಿಂದಿ, ಸಾರಾಯಿ ಎರಡೂ ಹರಾಜಿಗೆ ಬಂದವು. ಭೂಕಂದಾಯದ ಜೊತೆಗೆ ಅಬಕಾರಿಯೂ ನಿಜಾಮ ಸರ್ಕಾರದ ದೊಡ್ಡ ಆದಾಯ ಆಯ್ತು. ಗುತ್ತಿಗಿ ಹಿಡಿದವ ಗುತ್ತೇದಾರ. ಮನೆ ಗಡಿಗಿ ಸರ್ಕಾರಕ್ಕೂ ನಷ್ಟ, ಗುತ್ತಿಗಿ ಹಿಡಿದವರಿಗೂ ನಷ್ಟ. ಅದಕ್ಕೇ ಅದು "ಕಳ್ಳ" ಭಟ್ಟಿ ಆಯ್ತು. ಕದ್ದದ್ದು ಏನು ಅಂತ ಕೇಳಿದರ, ಸರ್ಕಾರದ ಸುಂಕ. ಕುಡಿಯೋದು ಅಪರಾಧ ಆಗಿರಲಿಲ್ಲ, ಗುತ್ತಿಗೆ ಅಂಗಡಿಗೆ ಹೋಗದೆ ಕುಡಿಯೋದು ಅಪರಾಧ ಆಗಿತ್ತು.

ಸ್ವಾತಂತ್ರ್ಯ ಬಂತು. 1949ರಲ್ಲಿ ಮುಂಬೈ ಸರ್ಕಾರ ಪಾನನಿಷೇಧ ಕಾಯ್ದೆ ತಂತು. ಒಂದೇ ಹೊಳಿ, ಆ ದಂಡಿಗೆ ಪಾನನಿಷೇಧ, ಈ ದಂಡಿಗೆ ಸರ್ಕಾರಿ ಹರಾಜು. 1956ರ ನವೆಂಬರ್ 1ಕ್ಕೆ ಎರಡೂ ದಂಡಿ ಒಂದೇ ರಾಜ್ಯ ಆದವು. ಆಮೇಲೆ ಬಂದದ್ದು ಇವತ್ತಿಗೂ ನಡೆಯುತ್ತಿರೋ 1965ರ ಅಬಕಾರಿ ಕಾಯ್ದೆ. ಪರವಾನಗಿ ಇಲ್ಲದೆ ಮದ್ಯ ಮಾಡಿದರ ಅಪರಾಧ. ಅದು ಕುಂಬಳಕಾಯಿದಾಗಲಿ, ಬೆಲ್ಲದ್ದಾಗಲಿ. ಆದರೆ ಪರವಾನಗಿಗೆ ಅರ್ಜಿ ಹಾಕೋ ತಾಕತ್ತು ತಿಪ್ಪಿ ಮಾಲಕಿಗೆ ಎಲ್ಲಿಂದ ಬರಬೇಕು?

ಈಗ 2007ನೇ ಇಸವಿ ನೋಡ್ರಿ. ಜುಲೈ 1ರಿಂದ ರಾಜ್ಯದಾಗ ಸಾರಾಯಿ ಬಂದ್. ಅದೇ 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ವೈನ್ ನೀತಿ ತಂತು, ವೈನ್ ಮಂಡಳಿಯನ್ನೂ ಮಾಡಿತು. ಕೂಲಿಯವನ ಬಟ್ಟಲು ಕಸಿದ ವರ್ಷದಾಗೇ ಉಳ್ಳವರ ಬಟ್ಟಲಿಗೆ ನೀತಿ ಬರೆದರು. 2011ರ ಹೊತ್ತಿಗೆ ಬೆಂಗಳೂರಿನಾಗ ಅಲ್ಲೇ ಬಿಯರ್ ಮಾಡಿ ಅಲ್ಲೇ ಕುಡಿಸೋ ಪಬ್ ತೆರೆದವು. ದಾಲ್ಚಿನ್ನಿ, ಶುಂಠಿ, ಹಣ್ಣು ಹಾಕಿದ ಬಿಯರ್‌ಗೆ ಅಲ್ಲಿ ಮರ್ಯಾದೆ.

ಸಾರಾಯಿ ಬಂದ್ ಆಗಿ ವರ್ಷ ತುಂಬೋದರೊಳಗೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಬಡವರು, ದಿನಗೂಲಿಗಳು. ಅವರನ್ನ ಕೊಂದದ್ದು ಮನೆ ಗಡಿಗಿ ಅಲ್ಲ, ಕಾರ್ಖಾನೆ ಕೆಲಸಕ್ಕ ಬಳಸೋ ಮೀಥೈಲ್ ಆಲ್ಕೋಹಾಲ್.

ನಮ್ಮ ಹವಳಗಾದಾಗ ಸಕ್ಕರೆ ಕಾರ್ಖಾನೆ ಅದ. ಕಬ್ಬಿನ ಗಾಡಿ ಸಾಲು ನೋಡಿದವರಿಗೆ ಗೊತ್ತು. ಸಕ್ಕರೆ ಮಾಡುವಾಗ ಉಳಿಯೋ ಕರಿ ಪಾಕಕ್ಕ ಕಾಕಂಬಿ ಅಂತಾರ. ನಮ್ಮ ದೇಶದಾಗ ಮಾರೋ ವಿಸ್ಕಿ, ಬ್ರಾಂದಿ, ರಮ್ಮಿಗೆ ಇಂಥ ಕಾಕಂಬಿಯಿಂದಲೂ ಸ್ಪಿರಿಟ್ ಮಾಡ್ತಾರ. ಆಯಿ ಬೆಲ್ಲ ಹಾಕಿದ್ಳು, ಅವರು ಕಾಕಂಬಿ ಹಾಕ್ತಾರ. ಬೆಳೆ ಒಂದೇ, ಕಬ್ಬು. ಕಬ್ಬು ಕಡಿಯೋರೂ ಹೆಚ್ಚಾಗಿ ನಮ್ಮವರೇ. ಇವತ್ತು ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿ ದಾಟ್ಯದ. ಅದರಾಗ ಕೂಲಿ ರೊಕ್ಕ ಎಷ್ಟು ಅಂತ ನಮ್ಮ ಕೇರಿ ಹೆಣ್ಣುಮಕ್ಕಳನ್ನ ಕೇಳ್ರಿ.

ಇಲ್ಲಿಗೆ ಕೆಲವರು, "ಹಂಗಾದ್ರ ನೀವು ಮನ್ಯಾಗ ಕಾಸ್ರಿ ಅಂತೀರೇನು?" ಅಂತ ಕೇಳಬಹುದು. ಇಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಾಗ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಕುಡಿಯುವುದಿಲ್ಲ ಅನ್ನೋದೂ ಒಂದು. ನಾನು ಕುಡಿಯೋದಿಲ್ಲ. ಸಂಜಿಗೆ ಗಂಡ ಬರೋ ಹಾದಿ ನೋಡಿ ನಡುಗೋ ಅಕ್ಕತಂಗಿಯರು ನಮ್ಮ ಕೇರಿಯಾಗ ಎಷ್ಟು ಅದಾರ ಅಂತ ನನಗ ಗೊತ್ತು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದುಬಗುಂಟದ ಹೆಣ್ಣುಮಕ್ಕಳು ಅಕ್ಷರ ಕಲಿಯೋ ತರಗತಿಯಿಂದ ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಚಳವಳಿಗೆ ನನ್ನ ಸಾವಿರ ಜೈಭೀಮ್.

ಆದರೆ ಅವರು ಎದ್ದು ನಿಂತದ್ದು ಗುತ್ತಿಗೆದಾರರ ಅಂಗಡಿ ಎದುರಿಗೆ. ಬಾಬಾಸಾಹೇಬರ ಪ್ರತಿಜ್ಞೆ ನಮ್ಮ ಸ್ವಾಭಿಮಾನಕ್ಕ ನಾವೇ ಹಾಕಿಕೊಂಡ ಕಟ್ಟು. ಅಬಕಾರಿ ಕಾಯ್ದೆ ಬೊಕ್ಕಸಕ್ಕಾಗಿ ಬೇರೆಯವರು ನಮಗ ಹಾಕಿದ ಕಟ್ಟು. ಇವೆರಡೂ ಒಂದೇ ಅಲ್ಲ. ಕುಡಿಯೋದು ಬಿಡೋಣ. ಆದರೆ ನಮ್ಮ ಆಯಿಯರು ಕಳ್ಳಿಯರು ಅನ್ನೋ ಮಾತು ಒಪ್ಪೋದು ಬ್ಯಾಡ. ತಾಂಡಾದ ಲಂಬಾಣಿ ಅವ್ವಂದಿರನ್ನೂ, ಕೇರಿಯ ನಮ್ಮ ಅವ್ವಂದಿರನ್ನೂ ಇದೇ ಹೆಸರಿನಿಂದ ಹಂಗಿಸ್ಯಾರ. ಬೆಲ್ಲ ಯಾವ ಹದಕ್ಕ ಹುಳಿ ಬರ್ತದ, ಯಾವ ತೊಗಟೆ ಹಾಕಬೇಕು, ಕಾವು ಎಷ್ಟು ಬೇಕು ಅನ್ನೋದು ಅವರಿಗೆ ಓದು ಇಲ್ಲದೆ ಗೊತ್ತಿತ್ತು. ಬೇರೆ ಜಾತಿಯಾಗ ಹುಟ್ಟಿದ್ದರ ಅದನ್ನ ವಿದ್ಯೆ ಅಂತಿದ್ರು.

ನನ್ನ ವಿನಂತಿ ಎರಡು. ಒಂದು, ಬೆಲ್ಲದ ಕೊಳೆ ಹೆಸರಿನಾಗ ಕೇಸು ಬಿದ್ದು ವರ್ಷಗಟ್ಟಲೆ ಕೋರ್ಟಿಗೆ ಅಲೆಯೋ ಹೆಣ್ಣುಮಕ್ಕಳು ನಿಮ್ಮ ಊರಾಗ ಇದ್ದರ ಅವರಿಗೆ ಉಚಿತ ಕಾನೂನು ನೆರವು ಸಿಗ್ತದ. ಪರಿಶಿಷ್ಟ ಜಾತಿಯವರಿಗೂ ಮಹಿಳೆಯರಿಗೂ 1987ರ ಕಾಯ್ದೆ ಆ ಹಕ್ಕು ಕೊಟ್ಟದ. ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಸಾಕು. ಬರಕೊಡಲಿಕ್ಕೆ ನಾ ಇದ್ದೀನಿ. ಎರಡು, ನಿಮ್ಮ ಆಯಿ ಇನ್ನೂ ಬದುಕಿದ್ದರ ಕೂತು ಕೇಳ್ರಿ. ಗಡಿಗಿ ಹೆಂಗ ಹುಗಿತಿದ್ಳು, ಯಾರಿಗೆ ಹೆದರತಿದ್ಳು, ದಂಡದ ರೊಕ್ಕ ಎಲ್ಲಿಂದ ತಂದ್ಳು. ಕೇಳಿ ಬರೀರಿ. ಪೊಲೀಸರ ಪಂಚನಾಮೆ ಬಿಟ್ಟರ ಅವರ ಇತಿಹಾಸ ಬೇರೆ ಎಲ್ಲೂ ಬರೆದಿಟ್ಟಿಲ್ಲ.

ಜೈಭೀಮ್.