ಕುದುರೆ ಡಾಕ್ಟರ್ ಆದರೆ ರೇಸ್‌ಕೋರ್ಸ್ ಕೆಲಸ ಗ್ಯಾರಂಟಿಯೇ?

ಇಲ್ಲ. ಮೊದಲನೆಯದಾಗಿ, ನಮ್ಮಲ್ಲಿ ಕುದುರೆಗೆಂದೇ ಬೇರೆ ವೈದ್ಯ ಪದವಿಯಿಲ್ಲ. ದನ, ಕುರಿ, ಕೋಳಿ ಎಲ್ಲವನ್ನೂ ಕಲಿಸುವ ಐದೂವರೆ ವರ್ಷದ ಬಿ.ವಿ.ಎಸ್ಸಿ. ಪದವಿಯನ್ನೇ ಓದಬೇಕು. ಜೇವರ್ಗಿ ತಾಲ್ಲೂಕಿನ ಇಜೇರಿಯ ಕಡೆಯವರಿಗೆ ಹತ್ತಿರದ ಪಶುವೈದ್ಯಕೀಯ ಕಾಲೇಜು ಬೀದರ್‌ನಲ್ಲಿದೆ.

ಎರಡನೆಯದು, ಕುದುರೆಗಳೇ ಕಡಿಮೆ. 2019ರ ಜಾನುವಾರು ಗಣತಿಯಲ್ಲಿ ದೇಶಕ್ಕೆಲ್ಲ ಸುಮಾರು 3.4 ಲಕ್ಷ; 2012ಕ್ಕಿಂತ ಶೇ 45ರಷ್ಟು ಇಳಿಕೆ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್, ಸ್ಟಡ್ ಫಾರ್ಮ್, ಸೇನೆ, ಹಾವು ಕಡಿತದ ಔಷಧಕ್ಕಾಗಿ ಕುದುರೆ ಸಾಕುವ ಕಂಪನಿಗಳಲ್ಲಿ ಕೆಲಸವಿದೆ, ಆದರೆ ಹುದ್ದೆಗಳು ಕೆಲವೇ.

ಕೆಲಸವೂ ಸುಲಭದ್ದಲ್ಲ. ಒದೆತ ಬಿದ್ದರೆ ಮೂಳೆ ಮುರಿಯುತ್ತದೆ. ಗ್ಲ್ಯಾಂಡರ್ಸ್ ರೋಗ ಕುದುರೆಯಿಂದ ಮನುಷ್ಯರಿಗೂ ಹರಡಬಲ್ಲದು. ಸೋಂಕು ದೃಢಪಟ್ಟ ಕುದುರೆಗೆ ದಯಾಮರಣ ಕೊಡಬೇಕಾಗುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹಾಗಾಗಿ ಹೊಟ್ಟೆನೋವು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ಬಾಯಿಗೆ ಎಣ್ಣೆ ಸುರಿಯುವ ಮನೆಮದ್ದು ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ವೈದ್ಯರು ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸುತ್ತಾರೆ. ನರಳುತ್ತಿದ್ದ ಕುದುರೆ ಮತ್ತೆ ಮೇವಿಗೆ ಬಾಯಿ ಹಾಕಿದರೆ ಆ ಖುಷಿ ಮಾತ್ರ ದೊಡ್ಡದು.

ಇನ್ನೊಂದು ಸಮಾಧಾನ: ಕುದುರೆ ಕೆಲಸ ಸಿಗದಿದ್ದರೂ ಅದೇ ಪದವಿಯಲ್ಲಿ ಊರಿನ ಎಮ್ಮೆ, ಮೇಕೆಗಳಿಗೆ ಚಿಕಿತ್ಸೆ ನೀಡಬಹುದು, ಸರ್ಕಾರಿ ಪಶುವೈದ್ಯ ಹುದ್ದೆಗೂ ಅರ್ಜಿ ಹಾಕಬಹುದು.